ಉದ್ದದ ಇಂಗ್ಲಿಷ್ ಪದ ಹೇಳಿದರೆ ಎದುರಿನವರಿಗೆ ತಿಳಿಯುತ್ತಿಲ್ವಾ? ದೋಷ ಎಲ್ಲಿದೆ ಅಂತ ಹುಡುಕೋದು ಹೀಗೆ

ಪದದ ಸ್ಪೆಲಿಂಗ್ ಗೊತ್ತು, ಅರ್ಥ ಗೊತ್ತು, ಒಂದಕ್ಷರವನ್ನೂ ನುಂಗದೆ ಹೇಳಿದ್ದೀರಿ. ಆದರೂ ಫೋನಿನ ಆ ಕಡೆಯವರು ‘ಸಾರಿ?’ ಅಂತಾರೆ. ಮತ್ತೆ ಹೇಳುತ್ತೀರಿ, ಈ ಸಲ ಇನ್ನೂ ನಿಧಾನವಾಗಿ, ಇನ್ನೂ ಬಿಡಿಸಿ ಬಿಡಿಸಿ. ಅವರಿಗೆ ಮೊದಲಿಗಿಂತ ಜಾಸ್ತಿ ಗೊಂದಲ.

ಇದೇ ಮೊದಲ ಸುಳಿವು. ನಿಧಾನ ಮಾಡಿದಷ್ಟೂ ಕೆಡುತ್ತಿದೆ ಅಂದರೆ ತಪ್ಪು ನಿಮ್ಮ ‘ಝ’ದಲ್ಲೋ ‘ಫ’ದಲ್ಲೋ ಇಲ್ಲ. ಒಂದೋ ಸಿಲಬಲ್ (ಪದದ ಒಂದೊಂದು ಪೆಟ್ಟು) ಲೆಕ್ಕ ತಪ್ಪಿದೆ, ಇಲ್ಲ ಒತ್ತು, ಅಂದರೆ ಗಟ್ಟಿ ಪೆಟ್ಟು, ಬೇರೆ ಕಡೆ ಬಿದ್ದಿದೆ. ಇಂಗ್ಲಿಷ್ ಕೇಳಿ ಬೆಳೆದವರು ಉದ್ದದ ಪದವನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗುರುತಿಸಲ್ಲ. ಎಷ್ಟು ಪೆಟ್ಟು, ಅದರಲ್ಲಿ ಯಾವುದು ಗಟ್ಟಿ ಅನ್ನೋದನ್ನು ಹಿಡಿದು ಗುರುತಿಸುತ್ತಾರೆ. ಆ ಅಚ್ಚು ತಪ್ಪಿದರೆ ಒಳಗಿನ ಅಕ್ಷರಗಳೆಲ್ಲ ಸರಿಯಿದ್ದರೂ ಅವರ ಕಿವಿ ಬೇರೆ ಪದ ಹುಡುಕಲು ಹೋಗುತ್ತದೆ.

ನಮಗೆ ಇದು ಯಾಕೆ ಕಷ್ಟ ಅಂದರೆ ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗಲ್ಲ. ಬಿಡು, ಬೀಡು ಬೇರೆ ಬೇರೆ ಆಗೋದು ಹ್ರಸ್ವ ದೀರ್ಘದಿಂದ. ಪ್ರತಿ ಅಕ್ಷರಕ್ಕೂ ಅದರ ಪೂರ್ತಿ ಪಾಲು ಕೊಡೋದು ನಮ್ಮಲ್ಲಿ ಒಳ್ಳೆ ಓದು ಅನ್ನಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದೇ ದೋಷ.

ಇಲ್ಲಿಂದ ಮುಂದೆ ಪದಗಳನ್ನು ತುಂಡು ಮಾಡಿ ಬರೆಯುತ್ತೇನೆ. ಒತ್ತು ಬೀಳುವ ತುಂಡಿಗೆ ಮೊದಲು ˈ ಗುರುತು ಇರುತ್ತದೆ. ಹೆಚ್ಚಿನ ಡಿಕ್ಷನರಿಗಳಲ್ಲಿ ಇರೋದೂ ಇದೇ ಗುರುತು, ಇದೇ ಜಾಗದಲ್ಲಿ, ಅಂದರೆ ಗಟ್ಟಿ ತುಂಡಿಗೆ ಮೊದಲು. ಕೆಲವು ಡಿಕ್ಷನರಿಗಳು ಗುರುತನ್ನು ತುಂಡಿನ ನಂತರ ಹಾಕುತ್ತವೆ. ನಿಮ್ಮದು ಯಾವ ಥರದ್ದು ಅಂತ ಗೊತ್ತಿರುವ ಒಂದು ಪದ ತೆಗೆದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಪದದಲ್ಲೂ ಒಂದು ಸ್ಥಾನ ಆಚೆಗೆ ಒತ್ತು ಹಾಕಿಕೊಂಡು ಕೂರುತ್ತೀರಿ.

ಮೊದಲ ಪರೀಕ್ಷೆ: ಅಕ್ಷರ ತೆಗೆದುಹಾಕಿ

ಪದವನ್ನು ಮರೆತು ಅದರ ತಾಳ ಮಾತ್ರ ಹೇಳಿ, ಬರೀ ‘ದ’ ಹಾಕಿ. ಡೆವಲಪ್‌ಮೆಂಟ್ ಅನ್ನೋದು ದ-ˈದ-ದ-ದ ಆಗಬೇಕು. ಡಿಕ್ಷನರಿಯ ಆಡಿಯೊ ಒತ್ತಿ, ಅದರ ತಾಳವನ್ನೂ ಹೀಗೇ ಗುನುಗಿ. ಎರಡೂ ಒಂದೇ ಆದರೆ ನಿಮ್ಮ ತೊಂದರೆ ನಿಜಕ್ಕೂ ಧ್ವನಿಯದ್ದು, ಈ ಬರಹ ನಿಮಗಲ್ಲ. ಪೆಟ್ಟಿನ ಸಂಖ್ಯೆಯೇ ಬೇರೆ ಬಂದರೆ ಲೆಕ್ಕದ ದೋಷ. ಸಂಖ್ಯೆ ಸರಿಯಿದ್ದು ಗಟ್ಟಿ ಪೆಟ್ಟು ಬೇರೆ ಕಡೆ ಬಂದರೆ ಒತ್ತಿನ ದೋಷ. ಎಲ್ಲ ಪೆಟ್ಟೂ ಒಂದೇ ತೂಕ ಅನ್ನಿಸಿದರೆ ಅದು ಮೂರನೇ ದೋಷ. ನನ್ನ ಪ್ರಕಾರ ನಮ್ಮಲ್ಲಿ ಅದೇ ಜಾಸ್ತಿ.

ಫೋನಿನ ವಾಯ್ಸ್ ಟೈಪಿಂಗ್ ಬಳಸಿ ಪರೀಕ್ಷೆ ಮಾಡೋಣ ಅಂತ ಅನ್ನಿಸಬಹುದು. ಅದು ನಂಬುವಂಥದ್ದಲ್ಲ. ಅಕ್ಕಪಕ್ಕದ ಪದ ನೋಡಿ ಊಹೆ ಮಾಡಿ ಸರಿಯಾಗಿಯೇ ಬರೆದುಬಿಡುತ್ತದೆ, ನಿಮಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ.

ಲೆಕ್ಕ ತಪ್ಪಿದ್ದರೆ

ಸಿಲಬಲ್ ಅಂದರೆ ಒಂದು ಸ್ವರದ ಸದ್ದು. ಸ್ವರಾಕ್ಷರ ಅಲ್ಲ, ಸದ್ದು. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಅಕ್ಷರ ಎಣಿಸುವವರಿಗೆ ಇಲ್ಲೇ ಮೊದಲ ಪೆಟ್ಟು. ‘ಸ್ಟ್ರೆಂಗ್ತ್’ ಬರೆದಾಗ ಕಣ್ಣಿಗೆ ಎರಡು ಗುಂಪು ಕಾಣುತ್ತದೆ, ಆದರೆ ಅದರಲ್ಲಿರೋದು ಒಂದೇ ಸ್ವರ, ಹಾಗಾಗಿ ಸಿಲಬಲ್ಲೂ ಒಂದೇ. ಒತ್ತಕ್ಷರ, ಅರ್ಧಾಕ್ಷರ ಯಾವುದನ್ನೂ ಎಣಿಸಬೇಡಿ. ತಿರುಗುಮುರುಗಾದ ಕೇಸೂ ಇದೆ. ‘ರಿದಮ್’ ಪದದ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಎ, ಇ, ಐ, ಒ, ಯು ಒಂದೂ ಇಲ್ಲ. ಆದರೂ ಎರಡು ಸಿಲಬಲ್.

ಲೆಕ್ಕ ಜಾಸ್ತಿಯಾಗುವ ದೋಷ ಬೇಗ ಸಿಕ್ಕಿಬೀಳುವ ಜಾಗ ಭೂತಕಾಲದ ಇ-ಡಿ. ವರ್ಕ್ಡ್ ಒಂದೇ ಸಿಲಬಲ್, ವರ್ಕೆಡ್ ಅಲ್ಲ. ಪ್ಲ್ಯಾನ್ಡ್ ಒಂದೇ. ಕ್ರಿಯಾಪದ ಟ ಅಥವಾ ಡ ಸದ್ದಿನಲ್ಲಿ ಮುಗಿದಿದ್ದರೆ ಮಾತ್ರ ಇ-ಡಿ ಇನ್ನೊಂದು ಸಿಲಬಲ್ ಆಗುತ್ತದೆ: ವಾಂಟೆಡ್, ನೀಡೆಡ್. ಬೇರೆಲ್ಲ ಕಡೆ ಅದು ಬಾಲದಂತೆ ಅಂಟಿಕೊಳ್ಳುತ್ತದೆ ಅಷ್ಟೇ.

ಇನ್ನು ಬರೆದಿದ್ದರೂ ಮಾತಿನಲ್ಲಿ ಬಿದ್ದುಹೋಗುವ ಸಿಲಬಲ್‌ಗಳು. ಕಂಫರ್ಟೆಬಲ್ ಅಂತ ನಾಲ್ಕು ಬಿಡಿಸಿ ಹೇಳುತ್ತೇವೆ, ಮಾತಿನಲ್ಲಿ ಅದು ಸಾಮಾನ್ಯವಾಗಿ ˈಕಂಫ್-ಟ-ಬಲ್, ಮೂರೇ. ವೆಜಿಟೇಬಲ್ ಅನ್ನೋದು ˈವೆಜ್-ಟ-ಬಲ್, ಅದರಲ್ಲಿ ‘ಟೇಬಲ್’ ಇಲ್ಲವೇ ಇಲ್ಲ. ಚಾಕೊಲೇಟ್ ˈಚಾಕ್-ಲಿಟ್, ಎರಡು. ಇಂಟರೆಸ್ಟಿಂಗ್ ˈಇನ್-ಟ್ರಸ್-ಟಿಂಗ್, ಮೂರು. ವೆನ್ಸ್‌ಡೇ ಎರಡು, ಆ ಡಿ ಸುಮ್ನೆ ಕೂತಿದೆ. ಇದೇನು ವಿಚಿತ್ರ ಅನ್ನಬೇಡಿ. ‘ಬರುತ್ತೇನೆ’ ಅಂತ ಬರೆದು ‘ಬರ್ತೀನಿ’ ಅಂತೀವಿ, ‘ಹೇಳಿದನು’ ಅಂತ ಬರೆದು ‘ಹೇಳ್ದ’ ಅಂತೀವಿ. ನಮ್ಮ ಬಾಯಿಗೆ ಸ್ವರ ನುಂಗೋದು ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಮಾತಾಡುವಾಗ ಮಾತ್ರ ಪುಸ್ತಕ ಓದಲು ಕೂತುಬಿಡುತ್ತೇವೆ.

ಒತ್ತು ಬೇರೆ ಕಡೆ ಬಿದ್ದಿದ್ದರೆ

ಪದದ ಕೊನೆ ನೋಡಿ. ಶುರುವಿನಿಂದ ಎಣಿಸುವ ಅಭ್ಯಾಸ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉದ್ದದ ಪದಗಳಲ್ಲಿ ಒತ್ತನ್ನು ಬಹುಪಾಲು ತೀರ್ಮಾನ ಮಾಡೋದು ಬಾಲ.

‘ಶನ್’ ಅಂತ ಮುಗಿದರೆ ಅದರ ಹಿಂದಿನ ಸಿಲಬಲ್ ಗಟ್ಟಿ. ಇನ್-ಫ-ˈಮೇ-ಶನ್, ಸಿ-ಚು-ˈಏ-ಶನ್, ಪ್ರ-ನನ್-ಸಿ-ˈಏ-ಶನ್. ಈ ಕೊನೆಯ ಪದದಲ್ಲಿ ಇರೋದು ‘ನನ್’, ‘ನೌನ್’ ಅಲ್ಲ. ‘ಪ್ರನೌನ್ಸ್’ ಕ್ರಿಯಾಪದದ ಸ್ವರವನ್ನು ಇಲ್ಲಿಗೂ ಎಳೆದು ತರಬೇಡಿ. ‘ಇಕ್’ ಬಾಲಕ್ಕೂ ಇದೇ ನಿಯಮ: ಈ-ಕ-ˈನಾ-ಮಿಕ್, ಸೈ-ಅನ್-ˈಟಿ-ಫಿಕ್. ಇದರಲ್ಲಿ ಮಾತು ಕೇಳದ ಕೆಲವು ಪದಗಳಿವೆ: ˈಪಾ-ಲ-ಟಿಕ್ಸ್, ˈಆ್ಯ-ರ-ಬಿಕ್, ˈಲೂ-ನ-ಟಿಕ್, ಗಣಿತದ ಅ-ˈರಿತ್-ಮ-ಟಿಕ್. ಇವನ್ನು ಬಾಯಿಪಾಠ ಮಾಡೋದೇ ದಾರಿ.

‘ಇಟಿ’, ‘ಲಜಿ’, ‘ಗ್ರಫಿ’, ‘ಕ್ರಸಿ’ ಬಾಲಗಳಲ್ಲಿ ಕೊನೆಯಿಂದ ಮೂರನೆಯದು ಗಟ್ಟಿ. ಯೂ-ನಿ-ˈವರ್-ಸಿ-ಟಿ, ಬೈ-ˈಆ-ಲ-ಜಿ, ಡಿ-ˈಮಾ-ಕ್ರ-ಸಿ. ಮೂರು ಅಥವಾ ಜಾಸ್ತಿ ಸಿಲಬಲ್ ಇದ್ದು ‘ಏಟ್’ ಅಂತ ಮುಗಿಯುವ ಕ್ರಿಯಾಪದಗಳೂ ಹಾಗೇ: ಕ-ˈಮ್ಯೂ-ನಿ-ಕೇಟ್, ಅ-ˈಪ್ರೀ-ಶಿ-ಏಟ್. ಇದಕ್ಕೆ ಪೂರ್ತಿ ತದ್ವಿರುದ್ಧ ‘ಇಯರ್’, ‘ಈ’, ‘ಈಸ್’ ಬಾಲಗಳು. ಇವು ಒತ್ತನ್ನು ತಾವೇ ಇಟ್ಟುಕೊಳ್ಳುತ್ತವೆ: ಎನ್-ಜಿ-ˈನಿಯರ್, ವಾ-ಲನ್-ˈಟಿಯರ್, ಇನ್-ಟ-ವ್ಯೂ-ˈಈ, ಜ್ಯಾ-ಪ-ˈನೀಸ್. ‘ಎಂಜಿನಿಯರ್’ ಅನ್ನು ಎಲ್ಲರೂ ಮೊದಲ ಅಕ್ಷರದ ಮೇಲೆ ಕುಟ್ಟುತ್ತೇವೆ, ಅಲ್ವಾ?

‘ಮೆಂಟ್’, ‘ನೆಸ್’, ‘ಲಿ’, ‘ಇಂಗ್’, ‘ಫುಲ್’, ‘ಲೆಸ್’ ಸಾಧು ಬಾಲಗಳು. ಎಷ್ಟು ಸೇರಿಸಿದರೂ ಮೂಲ ಪದದ ಒತ್ತು ಅಲುಗಾಡಲ್ಲ. ಆದರೆ ಮೂಲವೇ ತಪ್ಪಿದ್ದರೆ? ‘ಡೆವಲಪ್’ನಲ್ಲಿ ಆಗೋದು ಅದೇ. ಅದು ಡಿ-ˈವೆ-ಲಪ್. ಅದನ್ನು ˈಡೆವ್-ಲಪ್ ಅಂತ ಕಲಿತವರು ಡೆವಲಪರ್, ಡೆವಲಪಿಂಗ್, ಡೆವಲಪ್‌ಮೆಂಟ್ ಎಲ್ಲದರಲ್ಲೂ ಅದೇ ತಪ್ಪನ್ನು ಹೊತ್ತುಕೊಂಡು ಹೋಗುತ್ತಾರೆ. ಇಂಥ ಕಡೆ ಉದ್ದದ ಪದ ತಿದ್ದಬೇಡಿ, ಬೇರು ತಿದ್ದಿ. ‘ಎಬಲ್’ ಅರ್ಧ ಸಾಧು, ಅರ್ಧ ತಂಟೆ. ಪ್ರಿ-ˈಫರ್ ಆದರೆ ˈಪ್ರೆ-ಫ-ರ-ಬಲ್. ಕಂ-ˈಪೇರ್ ಆದರೆ ˈಕಾಂ-ಪ-ರ-ಬಲ್.

ಫೋಟೋ ಕುಟುಂಬವನ್ನು ಹತ್ತಿರದಿಂದ ನೋಡೋಣ, ಇಡೀ ಕಾಯಿಲೆ ಅಲ್ಲಿ ಕಾಣುತ್ತದೆ. ˈಫೋ-ಟ-ಗ್ರಾಫ್. ಫ-ˈಟಾ-ಗ್ರ-ಫಿ. ಫೋ-ಟ-ˈಗ್ರ್ಯಾ-ಫಿಕ್. ಒತ್ತು ಮೊದಲನೆಯದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಯಿತು. ಅದಕ್ಕಿಂತ ಮುಖ್ಯ, ಸ್ವರಗಳಿಗೆ ಏನಾಯಿತು ನೋಡಿ. ಸ್ಪೆಲಿಂಗಿನಲ್ಲಿ ಮೊದಲ ಎರಡೂ ‘ಒ’. ಮೊದಲ ಪದದಲ್ಲಿ ಒಂದನೇ ‘ಒ’ ಪೂರ್ತಿ ‘ಓ’, ಎರಡನೆಯದು ಬರೀ ‘ಅ’. ಎರಡನೇ ಪದದಲ್ಲಿ ಅದಲು ಬದಲು: ಮೊದಲನೆಯದು ‘ಅ’ ಆಗಿ ಕುಗ್ಗಿತು, ಎರಡನೆಯದು ಬಾಯಿ ತೆರೆದು ‘ಆ’ದ ಹತ್ತಿರ ಬಂತು. ನಾವು ‘ಫೋಟೋಗ್ರಫಿ’ ಅಂತ ಎರಡೂ ಓಕಾರ ಉಳಿಸಿಕೊಂಡಾಗ ಕೇಳುವವರಿಗೆ ಎರಡು ಗಟ್ಟಿ ಪೆಟ್ಟು ಒಟ್ಟಿಗೆ ಬೀಳುತ್ತದೆ, ಯಾವುದನ್ನು ನಂಬಬೇಕೋ ಗೊತ್ತಾಗಲ್ಲ. ಡಿಕ್ಷನರಿಯಲ್ಲಿ ತಲೆಕೆಳಗಾದ ಇ ಥರ ಕಾಣುವ ಚಿಹ್ನೆ ಇದೆಯಲ್ಲ, ಅದೇ ಈ ಕುಗ್ಗಿದ ಸ್ವರ. ಹೆಸರು ಶ್ವಾ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯ ಸ್ವರ ಇದೇ, ಮತ್ತು ಅದಕ್ಕೆ ಸ್ವಂತ ಅಕ್ಷರವೇ ಇಲ್ಲ. ಎ, ಇ, ಐ, ಒ, ಯು ಯಾರು ಬೇಕಾದರೂ ಆ ವೇಷ ಹಾಕಬಹುದು.

ಬಾಲ ಗುರುತಿಗೆ ಸಿಗದಿದ್ದರೆ ಗುರು ಲಘು ಹಾಕಿ

ತಮಾಷೆ ಅಲ್ಲ. ಶಾಲೆಯಲ್ಲಿ ಛಂದಸ್ಸಿಗೆ ಹಾಕುತ್ತಿದ್ದ ಗುರು ಲಘು ಇಲ್ಲಿ ಕೆಲಸಕ್ಕೆ ಬರುತ್ತದೆ. ಲ್ಯಾಟಿನ್ನಿನಲ್ಲಿ ಒತ್ತು ನಿಲ್ಲುತ್ತಿದ್ದುದೇ ಹೀಗೆ, ಲ್ಯಾಟಿನ್ ಪದಗಳ ಜೊತೆ ಆ ಪದ್ಧತಿಯೂ ಇಂಗ್ಲಿಷಿಗೆ ಬಂತು. ಕೊನೆಯಿಂದ ಎರಡನೇ ಸಿಲಬಲ್ ನೋಡಿ. ದೀರ್ಘ ಸ್ವರ ಇದ್ದರೆ ಅಥವಾ ಆ ಸ್ವರದ ನಂತರ ಎರಡು ವ್ಯಂಜನ ಕೂಡಿ ಬಂದಿದ್ದರೆ ಅದು ಗುರು, ಒತ್ತು ಅಲ್ಲೇ. ಲಘುವಾಗಿದ್ದರೆ ಒಂದು ಹೆಜ್ಜೆ ಹಿಂದೆ, ಕೊನೆಯಿಂದ ಮೂರನೆಯದಕ್ಕೆ.

ಅ-ˈಜೆನ್-ಡ, ಇಂ-ˈಪಾರ್-ಟಂಟ್, ಕನ್-ˈಸಲ್-ಟಂಟ್, ಇ-ˈನಾರ್-ಮಸ್, ಹ-ˈರೈ-ಝನ್. ಎಲ್ಲದರಲ್ಲೂ ಕೊನೆಯಿಂದ ಎರಡನೆಯದು ಗುರು. ಈಗ ˈಸಿ-ನ-ಮ, ˈಎ-ಲಿ-ಫಂಟ್, ˈಪ್ರೆ-ಝಿ-ಡಂಟ್, ˈಜೆ-ನ-ರಸ್, ಅ-ˈರಿ-ಜಿ-ನಲ್, ಮ್ಯೂ-ˈನಿ-ಸಿ-ಪಲ್. ಅಲ್ಲಿ ಲಘು, ಹಾಗಾಗಿ ಒತ್ತು ಹಿಂದೆ ಸರಿಯಿತು. ‘ಇಂಪಾರ್ಟಂಟ್’ ಮತ್ತು ‘ಎಲಿಫಂಟ್’ ಒಂದೇ ಬಾಲದವು, ಆದರೂ ಒತ್ತು ಬೇರೆ ಕಡೆ ಯಾಕೆ ಅಂತ ತಲೆ ಕೆಡಿಸಿಕೊಂಡವರಿಗೆ ಇದೇ ಉತ್ತರ.

ಒಂದು ಎಚ್ಚರ. ಸ್ಪೆಲಿಂಗಿನಲ್ಲಿ ಒಂದೇ ವ್ಯಂಜನ ಎರಡು ಸಲ ಬಂದರೆ ಅದನ್ನು ನಮ್ಮ ಸಜಾತೀಯ ಒತ್ತಕ್ಷರ ಅಂದುಕೊಳ್ಳಬೇಡಿ. ಬರೆಯೋದು ಎರಡು, ಸದ್ದು ಒಂದೇ, ಗುರು ಆಗಲ್ಲ. ಸಿನಮನ್ ಪದದಲ್ಲಿ ಎರಡು ‘ನ’ ಇದ್ದರೂ ಅದು ˈಸಿ-ನ-ಮನ್, ‘ಸಿನ್ನಮನ್’ ಅಲ್ಲ. ಇನ್ನು ಈ ಪದ್ಧತಿಯೂ ಎಲ್ಲ ಕಡೆ ನಡೆಯಲ್ಲ. ˈಕ್ಯಾ-ಲನ್-ಡರ್, ˈಸಿ-ಲಿನ್-ಡರ್, ˈಕ್ಯಾ-ರಕ್-ಟರ್ ನಡುವೆ ಗುರು ಇಟ್ಟುಕೊಂಡೂ ಮೊದಲಲ್ಲೇ ಒತ್ತು ತೆಗೆದುಕೊಳ್ಳುತ್ತವೆ. ವ-ˈನಿ-ಲ, ಅಂ-ˈಬ್ರೆ-ಲ ನಡುವೆ ಲಘು ಇದ್ದರೂ ಅಲ್ಲೇ. ನಿಯಮ ಊಹೆಗೆ, ತೀರ್ಪು ಡಿಕ್ಷನರಿಯದ್ದು.

ನಾಮಪದ ಕ್ರಿಯಾಪದದ ಜಗಳ ಉದ್ದದ ಪದಗಳಲ್ಲಿ ಕಡಿಮೆ, ಆದ್ದರಿಂದ ಬೇಗ ಮುಗಿಸುತ್ತೇನೆ. ˈರೆ-ಕಾರ್ಡ್ ವಸ್ತು, ರಿ-ˈಕಾರ್ಡ್ ಕೆಲಸ. ˈಪ್ರೆ-ಝಂಟ್ ಉಡುಗೊರೆ, ಪ್ರಿ-ˈಝೆಂಟ್ ಮಾಡೋದು. ಎಲ್ಲ ಜೋಡಿಗಳೂ ಹೀಗಲ್ಲ, ರಿ-ˈಪ್ಲೈ ಎರಡಕ್ಕೂ ಒಂದೇ. ‘ಎಸ್ಟಿಮೇಟ್’ನಲ್ಲಿ ಒತ್ತು ಕದಲಲ್ಲ, ಬಾಲದ ಸ್ವರ ಬದಲಾಗುತ್ತದೆ: ನಾಮಪದ ˈಎಸ್-ಟಿ-ಮಟ್, ಕ್ರಿಯಾಪದ ˈಎಸ್-ಟಿ-ಮೇಟ್.

ಡಿಕ್ಷನರಿಯ ಚುಕ್ಕಿ ನಂಬಿ ಕೆಟ್ಟಿದ್ದರೆ

ಇದು ಕಣ್ಣಿಗೆ ಬೀಳದ ದೋಷ. ಕೆಲವು ಅಮೆರಿಕನ್ ಡಿಕ್ಷನರಿಗಳಲ್ಲಿ ಮುಖ್ಯ ಪದದ ನಡುವೆ ಇಂಥ ಚುಕ್ಕಿಗಳಿರುತ್ತವೆ. ಅವು ಸಿಲಬಲ್ ತೋರಿಸುತ್ತವೆ ಅಂತ ಎಷ್ಟೋ ಜನ ನಂಬಿದ್ದಾರೆ. ಅವು ಇರೋದು ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದಾಗ ಎಲ್ಲಿ ಮುರಿಯಬಹುದು ಅಂತ ಹೇಳಲು. ಒಂದೇ ಅಕ್ಷರವನ್ನು ಸಾಲಿನ ತುದಿಯಲ್ಲಿ ಒಂಟಿಯಾಗಿ ಬಿಡಬಾರದು ಅನ್ನೋದು ಮುದ್ರಣದ ರೂಢಿ. ಹಾಗಾಗಿ ‘ಇಕಾನಮಿ’ಗೆ ಮೊದಲ ಅಕ್ಷರದ ನಂತರ ಚುಕ್ಕಿ ಹಾಕಲ್ಲ, ತುಂಡು ಮೂರೇ ಕಾಣುತ್ತದೆ. ಬಾಯಲ್ಲಿ ಅದು ಇ-ˈಕಾ-ನ-ಮಿ, ನಾಲ್ಕು. ‘ಅಬೌಟ್’ಗೆ ಚುಕ್ಕಿಯೇ ಇರಲ್ಲ, ಆದರೆ ಎರಡು ಸಿಲಬಲ್. ಎಣಿಸಬೇಕಾದ್ದು ಪಕ್ಕದಲ್ಲಿ ಕೊಟ್ಟಿರುವ ಉಚ್ಚಾರಣೆಯನ್ನು.

ಕಂಪ್ಯೂಟರ್ ಹಾಕುವ ಹೈಫನ್‌ಗಳಿಗೂ ಇದೇ ಮಾತು. ಟೆಕ್ ಅನ್ನುವ ಅಕ್ಷರ ಜೋಡಣೆಯ ತಂತ್ರಾಂಶಕ್ಕಾಗಿ ಫ್ರಾಂಕ್ಲಿನ್ ಲಿಯಾಂಗ್ ಮಾಡಿದ ವಿಧಾನ 1983ರ ಅವರ ಪ್ರಬಂಧದಲ್ಲಿದೆ. ಅದು ಅಕ್ಷರಗಳ ಮಾದರಿ ನೋಡಿ ಮುರಿಯುತ್ತದೆ, ಸದ್ದು ಕೇಳಿ ಅಲ್ಲ. ‘ರೆಕಾರ್ಡ್’ ಸಾಕ್ಷಿಗೆ ಇದೆ: ನಾಮಪದವಾದರೆ ‘ಸಿ’ ಅಕ್ಷರದ ನಂತರ ಮುರಿಯಬೇಕು, ಕ್ರಿಯಾಪದವಾದರೆ ಅದಕ್ಕೂ ಮೊದಲು. ಅಕ್ಷರ ಮಾತ್ರ ನೋಡುವ ಯಂತ್ರಕ್ಕೆ ಎರಡೂ ಒಂದೇ ಪದ.

ಅಂದ ಹಾಗೆ ‘ಪೆಟ್ರೋಲ್’ ಅನ್ನು ಪೆಟ್-ರಲ್ ಅಂತ ಮುರಿಯಬೇಕಾ, ಪೆ-ಟ್ರಲ್ ಅಂತಲಾ ಅನ್ನುವ ವಾದಕ್ಕೆ ಇಳಿಯಬೇಡಿ. ಭಾಷಾ ಪಂಡಿತರಲ್ಲೇ ಇದಕ್ಕೆ ಒಮ್ಮತ ಇಲ್ಲ. ಎಷ್ಟು ತುಂಡು, ಯಾವುದು ಗಟ್ಟಿ, ಇವೆರಡು ಸರಿಯಿದ್ದರೆ ಕತ್ತರಿ ಎಲ್ಲಿ ಬಿತ್ತು ಅಂತ ಯಾರ ಕಿವಿಗೂ ಗೊತ್ತಾಗಲ್ಲ.

ಎಲ್ಲ ಸರಿ, ಆದರೂ ಚಪ್ಪಟೆ

ಲೆಕ್ಕ ಸರಿ, ಒತ್ತಿನ ಜಾಗವೂ ಗೊತ್ತು, ಆದರೂ ಪದ ಎದ್ದು ನಿಲ್ಲುತ್ತಿಲ್ಲ. ಇಲ್ಲಿ ಜನ ಮಾಡುವ ರಿಪೇರಿ ಅಂದರೆ ಆ ಸಿಲಬಲ್ಲನ್ನು ಜೋರಾಗಿ ಕೂಗೋದು. ಕೂಗೋದು ಬೇಡ. ಒತ್ತು ಅಂದರೆ ನಾಲ್ಕು ಸಂಗತಿ ಸೇರಿದ್ದು: ಸ್ವಲ್ಪ ಉದ್ದ, ಸ್ವಲ್ಪ ಎತ್ತರದ ದನಿ, ಸ್ವಲ್ಪ ಜೋರು, ಸ್ವರ ಸ್ಪಷ್ಟ. ಜೋರಿನ ಪಾತ್ರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ದೀರ್ಘ ಹಿಡಿಯೋದು ನಮಗೆ ಹುಟ್ಟಿನಿಂದ ಬರುತ್ತದೆ, ಅದನ್ನು ಬಳಸಿಕೊಳ್ಳಿ. ಆದರೆ ಡಿ-ˈವೆ-ಲಪ್‌ನಂಥ ಹ್ರಸ್ವ ಸ್ವರದಲ್ಲಿ ‘ವೆ’ಯನ್ನು ‘ವೇ’ ಮಾಡಲು ಹೋಗಬೇಡಿ, ದನಿ ಏರಿಸಿ ಸಾಕು.

ನಿಜವಾದ ರಿಪೇರಿ ಉಳಿದವುಗಳಲ್ಲಿದೆ. ಒತ್ತಿಲ್ಲದ ಸಿಲಬಲ್‌ಗಳನ್ನು ಇಳಿಸಿ. ಬಾಯಿ ಅರ್ಧ ತೆರೆದು, ತುಟಿ ದುಂಡಗೆ ಮಾಡದೆ, ಕನ್ನಡದ ‘ಅ’ವನ್ನು ಅವಸರದಲ್ಲಿ ಹೇಳಿದಂತೆ ಹೇಳಿ ಮುಂದೆ ಹೋಗಿ. ‘ಆಲ್ಟರ್ನೇಟಿವ್’ ತೆಗೆದುಕೊಳ್ಳಿ. ನಾವು ಆಲ್, ಟರ್, ನೇ, ಟಿವ್ ನಾಲ್ಕಕ್ಕೂ ಸಮಪಾಲು ಕೊಡುತ್ತೇವೆ. ಅದು ಆಲ್-ˈಟರ್-ನ-ಟಿವ್. ‘ಟರ್’ಗೆ ಏನೂ ಸೇರಿಸಬೇಡಿ, ‘ನೇ’ಯನ್ನು ‘ನ’ಕ್ಕೆ ಇಳಿಸಿ ನೋಡಿ. ‘ಟರ್’ ತಾನಾಗಿಯೇ ಮೇಲೆ ಬರುತ್ತದೆ. ‘ಎಕ್ಸಿಕ್ಯೂಟಿವ್’ ಕೂಡ ಇದೇ ಜಾತಿ: ಇಗ್-ˈಝೆ-ಕ್ಯು-ಟಿವ್. ಆ ‘ಕ್ಯೂ’ ದೀರ್ಘ ತೆಗೆದರೆ ಪದ ಗುರುತಿಗೆ ಸಿಗುತ್ತದೆ.

ತೀರಾ ಉದ್ದದ ಪದಗಳಲ್ಲಿ ಒಂದೇ ಗಟ್ಟಿ ಪೆಟ್ಟು ಸಾಲಲ್ಲ, ಚಿಕ್ಕದೊಂದು ಬೇಕು. ಇಂಗ್ಲಿಷ್ ಪದ ಸಾಮಾನ್ಯವಾಗಿ ಎರಡು ಸಡಿಲ ಸಿಲಬಲ್‌ಗಳಿಂದ ಶುರುವಾಗಲ್ಲ. ಮುಖ್ಯ ಒತ್ತು ಮೂರನೆಯದರಲ್ಲೋ ಆಮೇಲೋ ಇದ್ದರೆ, ಮೊದಲ ಎರಡರಲ್ಲಿ ಒಂದಕ್ಕೆ ಕಿರು ಒತ್ತು ಇದ್ದೇ ಇರುತ್ತದೆ. ಡಿಕ್ಷನರಿಯಲ್ಲಿ ಅದಕ್ಕೆ ಕೆಳಗಡೆ ˌ ಗುರುತು. ರಿ-ˌಸ್ಪಾನ್-ಸ-ˈಬಿ-ಲ-ಟಿ. ˌಇನ್-ಟ-ˈನ್ಯಾ-ಶ-ನಲ್. ಆರು ಸಿಲಬಲ್ಲಿನ ಪದದಲ್ಲಿ ಉಸಿರು ಕಟ್ಟಿದಂತೆ ಆಗುತ್ತಿದ್ದರೆ ಈ ಕಿರು ಒತ್ತು ಬಿಟ್ಟುಹೋಗಿದೆಯಾ ನೋಡಿ.

ಎರಡು ಡಿಕ್ಷನರಿ ಎರಡು ಥರ ಹೇಳಿದರೆ

ಗಾಬರಿ ಬೇಡ. ಬ್ರಿಟಿಷ್ ಉಚ್ಚಾರಣೆಯಲ್ಲಿ ಅಡ್-ˈವರ್-ಟಿಸ್-ಮಂಟ್, ಅಮೆರಿಕನ್‌ನಲ್ಲಿ ಆ್ಯಡ್-ವರ್-ˈಟೈಝ್-ಮಂಟ್. ಲ-ˈಬಾ-ರ-ಟ್ರಿ ಬ್ರಿಟನ್ನಿನಲ್ಲಿ, ˈಲ್ಯಾಬ್-ರ-ಟೋ-ರಿ ಅಮೆರಿಕದಲ್ಲಿ. ಅಲ್ಯುಮಿನಿಯಮ್‌ಗಂತೂ ಸ್ಪೆಲಿಂಗೇ ಬೇರೆ: ಬ್ರಿಟಿಷರಿಗೆ ಐದು ಸಿಲಬಲ್ಲಿನ ಆ್ಯ-ಲ್ಯು-ˈಮಿ-ನಿ-ಅಮ್, ಅಮೆರಿಕದವರಿಗೆ ನಾಲ್ಕರ ಅ-ˈಲೂ-ಮಿ-ನಮ್. ‘ಕಾಂಟ್ರೊವರ್ಸಿ’ಗೆ ಬ್ರಿಟನ್ನಿನ ಒಳಗೇ ಎರಡು ಪಕ್ಷ, ಮೊದಲನೆಯದರ ಮೇಲೆ ಒತ್ತುವವರು, ಎರಡನೆಯದರ ಮೇಲೆ ಒತ್ತುವವರು. ಯಾವುದಾದರೂ ಒಂದು ಇಟ್ಟುಕೊಳ್ಳಿ. ಎರಡನ್ನೂ ಬೆರೆಸಿ ಯಾರಿಗೂ ಸೇರದ ಮೂರನೆಯದು ಮಾಡಬೇಡಿ, ಅಷ್ಟೇ.

ಕೊನೆಗೆ ಉಳಿಯೋದು ಒಂದು ವಿಚಿತ್ರ ದೋಷ: ಪದ ಒಂಟಿಯಾಗಿದ್ದಾಗ ಸರಿ, ವಾಕ್ಯದಲ್ಲಿ ಬಂದರೆ ಒತ್ತು ಬೇರೆ ಕಡೆ ಇರುತ್ತದೆ. ಕೇಳಿ ಕಲಿಯುವವರು ಇದಕ್ಕೆ ಬೆಚ್ಚುತ್ತಾರೆ. ಥರ್-ˈಟೀನ್ ಅಂತ ಕಲಿತಿರುತ್ತೀರಿ, ಆದರೆ ‘ಥರ್ಟೀನ್ ಮೆನ್’ ಅನ್ನುವಾಗ ಒತ್ತು ಮುಂದಿನ ‘ಮೆನ್’ಗೆ ಡಿಕ್ಕಿ ಹೊಡೆಯದಂತೆ ಹಿಂದೆ ಸರಿದು ˈಥರ್-ಟೀನ್ ಆಗುತ್ತದೆ. ‘ಜ್ಯಾಪನೀಸ್’ ನಂತರ ಇನ್ನೊಂದು ಗಟ್ಟಿ ಪದ ಬಂದರೂ ಹೀಗೇ. ಇದು ಅವರ ತಪ್ಪಲ್ಲ, ನಿಮ್ಮದೂ ಅಲ್ಲ. ತೊಂದರೆ ಏನೆಂದರೆ ಹಾಗೆ ಸರಿದಾಗ ˈಥರ್-ಟಿ ಜೊತೆ ಗೊಂದಲ ಆಗುತ್ತದೆ, ಫೋನಿನಲ್ಲಿ ಹದಿಮೂರು ಮೂವತ್ತಾಗುತ್ತದೆ. ಇಲ್ಲಿ ಒತ್ತಿನ ಪಾಠ ಹಚ್ಚಿಕೊಂಡು ಕೂರಬೇಡಿ. ‘ಟೀನ್’ನ ದೀರ್ಘವನ್ನೂ ಕೊನೆಯ ‘ನ್’ ಅನ್ನೂ ಪೂರ್ತಿ ಹೇಳಿ. ಅದಕ್ಕೂ ‘ಸಾರಿ?’ ಅಂದರೆ ‘ಒನ್ ತ್ರೀ’ ಅಂತ ಬಿಡಿ ಅಂಕಿ ಹೇಳಿ ಮುಗಿಸಿ.